ಜೂನ್ ಒಂದು

ಬ್ಯಾಂಕಿನಾಂವ ಪರದೆ ತನ್ನ ಕಡೆ ತಿರುವಿಕೊಂಡ.
"ನಿಮ್ಮ ನಂಬರ್ ಬಿದ್ದೈತ್ರಿ ಅಕ್ಕಾರ" ಅಂದ.
ಎಲ್ಲಿ ಬಿತ್ತು, ಯಾವಾಗ ಬಿತ್ತು,
ಬಿದ್ದಾಗ ಸಪ್ಪಳರ ಆಗಬೇಕಲ್ಲ?
ಪಿಕೋ ಮಷೀನಿನ ಕೊಟೇಶನ್ ಮಡಚಿ
ಚೀಲದಾಗ ಇಟ್ಟುಕೊಂಡು
ಟಾಂಗಾ ಕೂಟದಿಂದ ಬೆಟಗೇರಿತನಕ
ನೆಲಾ ನೋಡಿಕೋತನ ನಡದೆ.

ತಬಸ್ಸುಮ್ ಬಂದಿದ್ಲು ಜಂಪರ್ ಒಯ್ಯಾಕ.
ಹುಕ್ಕು ಹಚ್ಚೂದಿತ್ತು ಇನ್ನೂ ಐದು.
"ವರ್ಷಕ್ಕೊಮ್ಮೆ ಪುಕ್ಕಟೆ ನೋಡಬಹುದು ಅಕ್ಕಾ,
ಕುಂತಲ್ಲೇ ತಗದು ಕೊಡತೇನಿ."
ಪುಕ್ಕಟೆ ಸಿಕ್ರ ನನಗೂ ಇರಲಿ, ನಮ್ಮಪ್ಪಗೂ ಇರಲಿ ಅಂತಾರ,
ನನಗ ಮಾತ್ರ ಅಂಜಿಕಿ.
ಪುಕ್ಕಟೆ ಕುಕ್ಕರ್ ಅಂತ ಹೇಳಿ
ಮೂರು ಸಾವಿರ ಒಯ್ದಾಂವನ ಮುಖ ಇನ್ನೂ ಕಣ್ಣಾಗೈತಿ.
"ನೋಡಿದ್ರ ಮತ್ತಷ್ಟು ಬೀಳತೈತೇನು?"
"ಬ್ಯಾರೇದವರು ಪದೇ ಪದೇ ಇಣಿಕಿದ್ರ ಬೀಳತೈತಿ.
ನಿಮ್ಮ ಕನ್ನಡಿ ನೀವು ನೋಡಿಕೊಂಡ್ರ ಏನಾಗತೈತಿ?"

ಪಾನ್ ಕಾರ್ಡ್ ಕುಂಕುಮದ ಭರಣಿ ಕೆಳಗಿತ್ತು.
ಫೋನಿಗೆ ಆರಂಕಿ ಬಂತು, ಓದಿ ಹೇಳಿದೆ.
ಮೂರನೇ ಹುಕ್ಕು ಮುಗಿಯೂದ್ರಾಗ ತೆರಕೊಂತು ಪಾನಾ:
ಐದುನೂರಾ ತೊಂಬತ್ತೆಂಟು.

ಅದರಾಗ ನಾನು ನಾಕು ನಮೂನಿ ಇದ್ದೆ:
ಫಕ್ಕೀರವ್ವ, ಪಕೀರವಾ, ಫಕೀರಮ್ಮ,
ಒಂದು ಕಡೆ ಬರೇ ಫಕೀರ.
ವಿಳಾಸ ಐದು.
ನಾ ಮರತ ಮನಿ ಅದಕ್ಕ ನೆನಪೈತಿ,
ಮುಳಗುಂದ ನಾಕಾದ ಆ ತಗಡಿನ ಖೋಲಿ.
ನಳದ ನೀರಿಗಾಗಿ ಮಾಲಕಿ ಕೂಡ ಜಗಳಾಡಿ
ರಾತ್ರೋರಾತ್ರಿ ಗಂಟು ಕಟ್ಟಿದ್ದು.
ಜಗಳ ಬರದಿಲ್ಲ, ಪಿನ್‌ಕೋಡ್ ಬರದಾರ.

ತಿಂಗಳಿಗೊಂದು ಚೌಕ. ಕಂತು ಕಟ್ಟಿದ್ರ ಮೂರು ಸೊನ್ನಿ.
ಸೊನ್ನಿ ಅಂದ್ರ ಇಲ್ಲೆ ಛಲೋ ಅಂತ,
ಸಾಲ್ಯಾಗ ಯಾರೂ ಹೇಳಿದ್ದಿಲ್ಲ.

ಕೆಳಗ ಒಂದು ಸ್ಕೂಟಿ ನಿಂತಿತ್ತು.
ನನಗ ಸೈಕಲ್ಲೂ ಬರೂದಿಲ್ಲ.
ಮುಂಡರಗಿ ಶಾಖೆ, ಎಪ್ಪತ್ತೆರಡು ಸಾವಿರ.
ಹದಿನೆಂಟು ತಿಂಗಳು ಸೊನ್ನಿ, ಸೊನ್ನಿ, ಸೊನ್ನಿ,
ಆಮ್ಯಾಲೆ ಮೂವತ್ತು, ಅರವತ್ತು, ತೊಂಬತ್ತೊಂದು.

"ಅದ ಹೆಸರು, ಅದ ಹುಟ್ಟಿದ ದಿನ.
ಯಾರದೋ ನಿಮ್ಮ ಕೂಡ ಕಲಸಿಬಿಟ್ಟಾರ" ಅಂದ್ಲು ಹುಡುಗಿ.
ಹುಟ್ಟಿದ ದಿನ!
ಸೀತನಿ ತಿನ್ನೂ ದಿನದಾಗ ಹುಟ್ಟಿದಿ ಅಂತಿದ್ಲು ನಮ್ಮವ್ವ.
ಸಾಲಿ ಮಾಸ್ತರು ಬಾಗಲದಾಗ ನಿಂದ್ರಿಸಿ
ಬಲಗೈ ತಲಿಮ್ಯಾಲಿಂದ ಎಡಗಿವಿಗೆ ಮುಟ್ಟಿಸಿ
ಜೂನ್ ಒಂದು ಅಂತ ಬರಕೊಂಡ್ರು.
ಮುಂಡರಗ್ಯಾಗೂ ಒಬ್ಬ ಮಾಸ್ತರು ಇದ್ದಿರಬೇಕು.
ಅಕಿ ಕೈನೂ ಕಿವಿ ಮುಟ್ಟಿರಬೇಕು.

"ಇದು ನನ್ನದಲ್ಲ ಅಂತ ಒತ್ತಲೇನು ಅಕ್ಕಾ?
ತಿಂಗಳದಾಗ ತಗೀತಾರ."
ಸೂಜಿ ಹಂಗ ಹಿಡಕೊಂಡು ಕುಂತೆ.
ಹದಿನೆಂಟು ತಿಂಗಳು ಹಿಂದ ಯಾರನ್ನ ಕುಂದ್ರಿಸಿಕೊಂಡು
ತಿರಗಿದ್ಲೋ ಅಕಿ, ಎಲ್ಲೆಲ್ಲಿಗೆ ಹೋಗಿ ಬಂದ್ಲೋ.
ಹತ್ತೊಂಬತ್ತನೇದಕ್ಕ ಏನಾತು?
ಅದನ್ನ ಬರಿಯಾಕ ಚೌಕ ಭಾಳ ಸಣ್ಣದು.
ನಾ ಇಲ್ಲೆ ನಂದಲ್ಲ ಅಂದ್ರ
ಅಲ್ಲೆ ಅಕಿ ತಲಿಮ್ಯಾಲೆ ಕುಂದ್ರತೈತಿ ತೊಂಬತ್ತೊಂದು.
ಕುಂದ್ರಲಿ, ಅಕಿದ ಐತಿ.
"ಒತ್ತು" ಅಂದೆ. ಹಲ್ಲಿಲೆ ದಾರ ಕಡದೆ.

ಕಡದ ಮ್ಯಾಲೆ ನೆನಪಾತು:
ನನ್ನ ಹೊಲಿಗಿ ಮಷೀನಿನ ಸಾಲ ಎಲ್ಲಿ?
ಇಪ್ಪತ್ನಾಕು ಕಂತು, ಒಂದೂ ತಪ್ಪಿಸಿದ್ದಿಲ್ಲ.
ಹುಡುಗಿ ಬಟ್ಟಿಲೆ ಮ್ಯಾಲೆ ಕೆಳಗ ತಿಕ್ಕಿದ್ಲು. ಇಲ್ಲ.
ಹಂಗಾರ ಅದು ಮುಂಡರಗಿಗೆ ಹೋಗಿರಬೇಕು,
ಅಕಿ ಪಾನಾದಾಗ ಕುಂತಿರಬೇಕು
ಒಂದರ ಕೆಳಗೊಂದು ಇಪ್ಪತ್ನಾಕು ಸಾಲು ಸೊನ್ನಿ,
ಕಾಜಾ ಹಾಕಿದಂಗ.

"ಅದನ್ನೂ ನಿಮ್ಮ ಕಡೆ ತರಸೂಣೇನು?"
ಇರವಲ್ದ್ಯಾಕ ಅಲ್ಲೆ ಸ್ವಲ್ಪ ದಿನ.
ಮುಂದಿನ ವರ್ಷ ನೋಡೂಣು,
ಆಗೂ ಪುಕ್ಕಟೆನ ಅಲ್ಲ?

ಹೋಗೂ ಮುಂದ, "ಜಂಪರಿನ ರೊಕ್ಕ ಸೋಮವಾರ ಅಕ್ಕಾ" ಅಂದ್ಲು.
ಗ್ವಾಡಿಮ್ಯಾಲೆ ಗುರುತಿನ ಬಳಪಲೆ ಬರಕೊಂಡೆ.
ಬರಿಯೂ ಮುಂಚೆ ನಿಂದ್ರಿಸಿ ಕೇಳಿದೆ:
ತಬಸುಮ್ಮೋ, ತಬಸ್ಸುಮ್ಮೋ?